ಬಿಡುವಿಗೊಂದು ತಾರೀಕು

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಉಡುಪಿ ಬಳಿಯ ಮಲ್ಪೆಯ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮುಂಗಾರಿನ ಈ ಹೊತ್ತು ಅನೇಕ ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲ. ಸಂತತಿ ಉಳಿಯಲಿ ಎಂದು ಸರ್ಕಾರ ಪ್ರತಿವರ್ಷ ಈ ನಿಷೇಧ ಹೊರಡಿಸುತ್ತದೆ. ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಮೈ ತಾಗಿಸಿಕೊಂಡು ನಿಲ್ಲುತ್ತವೆ. ದೋಣಿಗಳಲ್ಲಿ ದುಡಿಯಲು ಹೊರಗಿನಿಂದ ಬಂದ ಕಲಾಸಿಗಳು ಊರಿಗೆ ಹೋಗುತ್ತಾರೆ, ಉಳಿದವರು ಹರಿದ ಬಲೆಗಳನ್ನು ಹರಡಿಕೊಂಡು ಹೆಣೆಯಲು ಕೂರುತ್ತಾರೆ. ಕಡಲು ಸ್ವಲ್ಪ ತಣ್ಣಗಾದ ದಿನ ನಾಡದೋಣಿಯವರು ಮಾತ್ರ ಅಲೆ ನೋಡಿ ಇಳಿಯುತ್ತಾರೆ.

ಕಾನೂನು ಮೀನಿನ ಸಲುವಾಗಿ ಬಂತು, ನಿಜ. ಆದರೆ ಅದರಿಂದ ಮನುಷ್ಯನ ದೇಹಕ್ಕೆ ಸಿಕ್ಕಿದ್ದೇನು ಎಂಬುದನ್ನೂ ನೋಡಬೇಕು. ಆಳಸಮುದ್ರಕ್ಕೆ ಹೋದ ಟ್ರಾಲ್ ಬೋಟು ಹತ್ತು-ಹನ್ನೆರಡು ದಿನ ದಡ ಕಾಣುವುದಿಲ್ಲ. ಬಲೆ ಬಿಟ್ಟು ಎರಡು-ಮೂರು ಗಂಟೆ ಎಳೆಯುವುದು, ಮೇಲೆತ್ತುವುದು, ಬಂಗುಡೆ ಬೇರೆ, ಬೊಂಡಾಸ ಬೇರೆ, ಸಿಗಡಿ ಬೇರೆ ಎಂದು ವಿಂಗಡಿಸಿ ಐಸು ಹಾಕಿ ತುಂಬುವುದು, ಮತ್ತೆ ಬಲೆ ಬಿಡುವುದು. ಹಗಲೂ ಇದೇ, ರಾತ್ರಿಯೂ ಇದೇ. ನಡುವಿನ ಹೊತ್ತಿನಲ್ಲಿ, ಎಂಜಿನ್ನಿನ ಸದ್ದಿನ ಪಕ್ಕದಲ್ಲೇ ಕಣ್ಣು ಮುಚ್ಚಬೇಕು. ಲೆಕ್ಕ ಹಾಕಿದರೆ ದಿನಕ್ಕೆ ಐದಾರು ಗಂಟೆ ಮಲಗಿದ ಹಾಗೆ ಕಾಣಬಹುದು. ದೇಹದ ಲೆಕ್ಕ ಹಾಗಿಲ್ಲ. ನಮ್ಮ ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಮೇಲುನಿದ್ದೆಯಿಂದ ಗಾಢನಿದ್ದೆಗೆ ಇಳಿದು, ಅಲ್ಲಿಂದ ಕನಸುಗಳ ಹಂತಕ್ಕೆ ಬಂದು ಒಂದು ಸುತ್ತು ಮುಗಿಯುತ್ತದೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಗಾಢನಿದ್ದೆಯಲ್ಲಿ. ಸವೆದ ಅಂಗಾಂಶಗಳ ದುರಸ್ತಿಗೆ ಅದು ಬೇಕು. ಪ್ರತಿ ಸಲ ಎಬ್ಬಿಸಿದಾಗ ಸುತ್ತು ಮೊದಲಿನಿಂದ ಶುರುವಾಗುತ್ತದೆ. ಮೂರು ತುಂಡಾದ ಆರು ಗಂಟೆ ಒಂದೇ ಪಟ್ಟಿನ ಆರು ಗಂಟೆಗೆ ಸಮವಲ್ಲ.

ಈ ಕಲಾಸಿಗೆ ಯಾರಾದರೂ ‘ಆರೋಗ್ಯ ನೋಡಿಕೊಳ್ಳಿ, ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಿ’ ಎಂದು ಬುದ್ಧಿ ಹೇಳಿದರೆ ಪ್ರಯೋಜನವಿಲ್ಲ. ಬಲೆ ಕಡಲಲ್ಲಿರುವಾಗ ಅವನೊಬ್ಬ ಮಲಗುವಂತಿಲ್ಲ. ಎಲ್ಲ ದೋಣಿಗಳಿಗೂ ಒಂದೇ ತಾರೀಕು ಬಂದಾಗ ಮಾತ್ರ ಅವನು ನಿಶ್ಚಿಂತೆಯಿಂದ ಮಲಗಬಲ್ಲ. ಪಕ್ಕದ ಬೋಟು ತನ್ನ ಪಾಲಿನ ಮೀನು ಹಿಡಿದೀತೆಂಬ ಆತಂಕ ಆಗ ಇರುವುದಿಲ್ಲ. ಬಿಡುವನ್ನು ಕೆಲಸವೆಲ್ಲ ಮುಗಿದ ಮೇಲೆ ಮಿಕ್ಕ ಹೊತ್ತಿನಲ್ಲಿ ಹುಡುಕಲು ಹೋದವರಿಗೆ ಅದು ಸಿಗುವುದಿಲ್ಲ, ಅದಕ್ಕೊಂದು ತಾರೀಕು ಬೇಕು, ಆ ತಾರೀಕು ಆದಷ್ಟು ಮಟ್ಟಿಗೆ ನಮ್ಮೊಬ್ಬರ ಇಚ್ಛಾಶಕ್ತಿಯ ಹೊರಗಿರಬೇಕು ಎಂದು ನಾನು ನಂಬಿದ್ದೇನೆ. ಉಡುಪಿ ಸೀಮೆಯ ಬದುಕಿನಲ್ಲಿ ಇದು ಹಿಂದೆಯೇ ಇತ್ತು. ಈಚಿನ ವಿಜ್ಞಾನವೂ ಬೇರೆ ದಾರಿಯಿಂದ ಇದೇ ಮಾತಿಗೆ ಬಂದು ಸೇರುತ್ತಿದೆ.

ಮೊದಲು ದೇಹದೊಳಗಿನ ಸಂಗತಿ. ಸ್ವಿಟ್ಜರ್ಲೆಂಡಿನ ನಿದ್ರಾವಿಜ್ಞಾನಿ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಮಂಡಿಸಿದ ಮಾದರಿಯೊಂದು ಇಂದಿಗೂ ನಿದ್ದೆಯ ಅಧ್ಯಯನಕ್ಕೆ ಬುನಾದಿ. ಅದರ ಪ್ರಕಾರ ನಮ್ಮನ್ನು ಮಲಗಿಸುವುದು ಎರಡು ಪ್ರಕ್ರಿಯೆಗಳು. ಒಂದು, ಎಚ್ಚರವಿದ್ದಷ್ಟೂ ಏರುತ್ತ ಹೋಗುವ ನಿದ್ದೆಯ ಒತ್ತಡ. ಮಿದುಳಿನ ಕೋಶಗಳು ಶಕ್ತಿ ಖರ್ಚು ಮಾಡಿದಂತೆ ಅಡೆನೋಸಿನ್ ಎಂಬ ವಸ್ತು ಶೇಖರವಾಗುತ್ತದೆ, ಅದು ಕೋಶಗಳ ಮೇಲಿನ ಗ್ರಾಹಕಗಳಿಗೆ ಅಂಟಿ ಮಂಪರು ತರುತ್ತದೆ. ಕಾಫಿಯಲ್ಲಿರುವ ಕೆಫೀನು ಅಡೆನೋಸಿನ್ನನ್ನು ಕರಗಿಸುವುದಿಲ್ಲ. ಬೀಗದ ಕಿಂಡಿಗೆ ಬೇರೊಂದು ಕಡ್ಡಿ ತುರುಕಿದರೆ ಸರಿಯಾದ ಕೀಲಿ ಒಳಹೋಗದಿರುವ ಹಾಗೆ, ಅದು ಆ ಗ್ರಾಹಕಗಳಲ್ಲಿ ತಾನು ಕೂತುಬಿಡುತ್ತದೆ. ದಣಿವು ಅಲ್ಲೇ ಇರುತ್ತದೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೆ. ಕುಡಿದ ಕೆಫೀನಿನ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ 6ರ ಕಾಫಿ ರಾತ್ರಿ 11ಕ್ಕೂ ಅರ್ಧ ಉಳಿದಿರುತ್ತದೆ.

ಎರಡನೆಯದು ದೇಹದ ಗಡಿಯಾರ. ಕಣ್ಣಿನ ನರಗಳು ಒಂದನ್ನೊಂದು ಹಾಯುವ ಜಾಗದ ಮೇಲ್ಭಾಗದಲ್ಲಿ, ಸುಮಾರು 20 ಸಾವಿರ ನರಕೋಶಗಳ ಪುಟ್ಟ ಗುಂಪು ಇದೆ. ಹಗಲಿರುಳಿನ ಲಯವನ್ನು ಇಡೀ ದೇಹಕ್ಕೆ ಹಂಚುವುದು ಅದು. ಅದಕ್ಕೆ ಹೊತ್ತು ತಿಳಿಸುವುದು ಬೆಳಕು. ಈ ಗಡಿಯಾರ ವಂಶವಾಹಿಗಳ ಮಟ್ಟದಲ್ಲಿ ಹೇಗೆ ಓಡುತ್ತದೆ ಎಂದು ಹಣ್ಣುನೊಣಗಳಲ್ಲಿ ತೋರಿಸಿಕೊಟ್ಟ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರ ನೊಬೆಲ್ ಬಂತು. ಒತ್ತಡವೂ ಗಡಿಯಾರವೂ ಒಂದೇ ಹೊತ್ತಿಗೆ ‘ಮಲಗು’ ಎಂದರೆ ಒಳ್ಳೆಯ ನಿದ್ದೆ. ಒತ್ತಡ ‘ಮಲಗು’ ಎಂದು, ಗಡಿಯಾರ ‘ಏಳು’ ಎಂದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಯಕ್ಷಗಾನದವರು ವೇಷ ಕಟ್ಟುವ ಚೌಕಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಬೆಳಗಿನ ಜಾವ ಮಂಗಳ ಹಾಡಿ ಆಟ ಮುಗಿದ ಮೇಲೆ ಚೌಕಿಯೊಳಗೆ ಹೋಗಿ ನೋಡಬೇಕು. ಕೊನೆಯ ವೇಷಧಾರಿ ಕಿರೀಟ ಇಳಿಸಿ, ಸೊಂಟಕ್ಕೆ ಬಿಗಿದ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚುತ್ತಾನೆ. ಅಂಗೈಗೆ ತೆಂಗಿನೆಣ್ಣೆ ಸುರಿದುಕೊಂಡು ಮುಖಕ್ಕೆ ಉಜ್ಜಿದರೆ ಬಿಳಿ, ಕೆಂಪು, ಕಪ್ಪು ಎಲ್ಲ ಕಲಸಿ ಕೆನ್ನೆಯ ಮೇಲೆ ಇಳಿಯುತ್ತದೆ. ಬಟ್ಟೆಯ ತುಂಡಿನಲ್ಲಿ ಒರೆಸಿ ಹೊರಬರುವಾಗ ಬೆಳಕು ಹರಿದಿರುತ್ತದೆ. ರಾತ್ರಿಯಿಡೀ ಕುಣಿದ ದೇಹದಲ್ಲಿ ನಿದ್ದೆಯ ಒತ್ತಡ ತುಂಬಿ ತುಳುಕುತ್ತಿರುವಾಗಲೇ ಆ ಬೆಳಕು ಕಣ್ಣಿನ ಪರದೆಯ ವಿಶೇಷ ಕೋಶಗಳನ್ನು ತಾಗಿ, ಹಗಲಾಯಿತು ಎಂಬ ಸಂದೇಶವನ್ನು ಗಡಿಯಾರಕ್ಕೆ ಕಳಿಸುತ್ತದೆ. ದೇಹದ ಉಷ್ಣತೆ ಏರತೊಡಗುತ್ತದೆ, ಕಾರ್ಟಿಸೋಲ್ ಹೆಚ್ಚುತ್ತದೆ. ಬಿಡಾರದಲ್ಲಿ ಮಲಗಿದರೂ ಹಗಲುನಿದ್ದೆ ರಾತ್ರಿಯದಕ್ಕಿಂತ ಗಂಟೆ ಎರಡು ಗಂಟೆಯಾದರೂ ಗಿಡ್ಡವಾಗುತ್ತದೆ. ನವೆಂಬರಿನಿಂದ ಮೇ ತಿಂಗಳವರೆಗೆ ದಿನಾ ಹೀಗೆ. ವರ್ಷಾನುಗಟ್ಟಲೆ ರಾತ್ರಿಪಾಳಿ ಮಾಡುವವರಲ್ಲಿ ಹೃದ್ರೋಗ, ಮಧುಮೇಹ ಹೆಚ್ಚು ಕಾಣಿಸಿಕೊಳ್ಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2007ರಲ್ಲಿ ರಾತ್ರಿಪಾಳಿಯನ್ನು ಕ್ಯಾನ್ಸರ್ ತರುವ ಸಂಭವ ಇರುವ ಸಂಗತಿಗಳ ಪಟ್ಟಿಗೆ ಸೇರಿಸಿ, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಉಳಿಸಿತು.

ಆದರೆ ಮೇಳದ ವ್ಯವಸ್ಥೆಯಲ್ಲಿ ಎರಡು ಒಳ್ಳೆಯ ಸಂಗತಿಗಳಿವೆ. ಬೆಳಗಿನ ಜಾವಕ್ಕೆ ವೇಷ ಇರುವ ಹಿರಿಯ ಕಲಾವಿದ ಸಂಜೆಯೇ ಬಂದು ಚೌಕಿಯ ಮೂಲೆಯಲ್ಲಿ ಒಂದು ನಿದ್ದೆ ತೆಗೆಯುತ್ತಾನೆ. ಚೆಂಡೆ ಬಾರಿಸುತ್ತಿದ್ದರೂ ಅವನಿಗೆ ಎಚ್ಚರವಾಗುವುದಿಲ್ಲ. ದಣಿವು ಬರುವ ಮೊದಲೇ ಹಾಕಿಟ್ಟುಕೊಳ್ಳುವ ಇಂಥ ನಿದ್ದೆಯ ಬೆಲೆ ಪಾಳಿ ಕೆಲಸವನ್ನು ಅಧ್ಯಯನ ಮಾಡುವವರಿಗೆ ಚೆನ್ನಾಗಿ ಗೊತ್ತು. ದೂರದ ವಿಮಾನಗಳ ಪೈಲಟ್‌ಗಳ ಮೇಲೆ ನಾಸಾ ನಡೆಸಿದ ಪ್ರಯೋಗದಲ್ಲಿ, ಹಾರಾಟದ ನಡುವೆ ಸರದಿಯಂತೆ 40 ನಿಮಿಷ ಬಿಡುವು ಕೊಟ್ಟಾಗ ಅವರು ಸರಾಸರಿ 26 ನಿಮಿಷ ನಿದ್ದೆ ಮಾಡಿದರು. ಇಳಿಯುವ ಹೊತ್ತಿಗೆ ನಿದ್ದೆ ಮಾಡದವರಿಗಿಂತ ಬಹಳ ಚುರುಕಾಗಿದ್ದರು. ಎರಡನೆಯದು ಪತ್ತನಾಜೆ. ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24-25ರ ಸುಮಾರಿಗೆ, ಮೇಳಗಳು ಗೆಜ್ಜೆ ಬಿಚ್ಚುತ್ತವೆ. ದೈವಗಳ ಕೋಲ-ನೇಮಗಳೂ ಅಂದಿಗೆ ನಿಲ್ಲುತ್ತವೆ. ಮತ್ತೆ ಗೆಜ್ಜೆ ಕಟ್ಟುವುದು ದೀಪಾವಳಿಯ ಆಸುಪಾಸಿನಲ್ಲಿ. ಯಾವ ಕಲಾವಿದನೂ ತನಗೆ ದಣಿವಾಗಿದೆ ಎಂದು ಯಜಮಾನರ ಮುಂದೆ ನಿಂತು ರಜೆ ಕೇಳಬೇಕಿಲ್ಲ, ಪಂಚಾಂಗವೇ ಅವನ ಪರವಾಗಿ ಕೇಳುತ್ತದೆ. ಈಗ ಮಳೆಗಾಲದಲ್ಲೂ ಮುಂಬಯಿ, ಬೆಂಗಳೂರು ಎಂದು ಪ್ರದರ್ಶನಗಳಿರುತ್ತವೆ, ಕಾಲಮಿತಿಯ ಆಟಗಳೂ ಬಂದಿವೆ. ರಾತ್ರಿಯಿಡೀ ಆಟ ಬೇಕೇ ಕಾಲಮಿತಿ ಸಾಕೇ ಎಂಬ ಚರ್ಚೆಯಲ್ಲಿ ರಸಿಕರು ಕಲೆಯ ಬಗ್ಗೆ ಬಹಳ ಮಾತಾಡಿದ್ದಾರೆ. ಕಲಾವಿದನ ಮೈಯ ಬಗ್ಗೆಯೂ ಅಷ್ಟೇ ಮಾತು ಬರಬೇಕು.

ಉಡುಪಿಯಿಂದ ಐದು ಕಿಲೋಮೀಟರ್ ಏರಿದರೆ ಮಣಿಪಾಲ. ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಕಟ್ಟಿದಾಗ ಇದು ಬರಿಯ ಬೋಳು ಗುಡ್ಡ. ಇಂದು ರಾತ್ರಿ ಒಂದು ಗಂಟೆಗೂ ಇಲ್ಲಿ ದೀಪಗಳು ಉರಿಯುತ್ತಿರುತ್ತವೆ. ಓದುವವರು, ಪಾಳಿಯ ನರ್ಸುಗಳು, ವಿದೇಶಿ ಸಮಯಕ್ಕೆ ಕಂಪ್ಯೂಟರಿನ ಮುಂದೆ ಕೂತವರು, ಅವರಿಗೆಲ್ಲ ತಿಂಡಿ ತಲುಪಿಸುವ ಹುಡುಗರು. ಇಲ್ಲಿ ಪತ್ತನಾಜೆ ಇಲ್ಲ. ಯಾರನ್ನು ಕೇಳಿದರೂ ಒಂದೇ ಉತ್ತರ: ‘ಪುರ್ಸೊತ್ತೇ ಇಲ್ಲ ಮಾರಾಯ್ರೆ.’

ಪುರುಸೊತ್ತಿಲ್ಲದ ಮಿದುಳು ಎಷ್ಟು ಹೊತ್ತು ಸರಿಯಾಗಿ ಕೆಲಸ ಮಾಡೀತು? ಆಸ್ಟ್ರೇಲಿಯದ ಡಾಸನ್ ಮತ್ತು ರೀಡ್ 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದಕ್ಕೆ ಎಲ್ಲರಿಗೂ ಅರ್ಥವಾಗುವ ಅಳತೆಯೊಂದನ್ನು ಕೊಟ್ಟರು. ಸತತ 17 ಗಂಟೆ ಎಚ್ಚರವಿದ್ದವನ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ 0.05ರಷ್ಟು ಮದ್ಯಸಾರ ಇರುವವನ ಮಟ್ಟಕ್ಕೆ ಕುಸಿದಿತ್ತು. 24 ಗಂಟೆಗೆ ಅದು ಶೇ 0.10ರ ಮಟ್ಟ ಮುಟ್ಟಿತು. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿ ಶೇ 0.03. ಬೆಳಿಗ್ಗೆ 6ಕ್ಕೆ ಎದ್ದು, ದಿನವಿಡೀ ದುಡಿದು, ರಾತ್ರಿ 11ರ ನಂತರ ಕಾಪುವಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕಾರು ಓಡಿಸುವವನು ಹನಿ ಮದ್ಯ ಮುಟ್ಟದಿದ್ದರೂ ಆ ಮಿತಿ ಮೀರಿದವನ ಹಾಗೆಯೇ. ಪೊಲೀಸರ ಊದುವ ಯಂತ್ರ ಇದನ್ನು ಹಿಡಿಯುವುದಿಲ್ಲ. ಬಸ್ಸು-ಲಾರಿಗಳ ಚಾಲಕರಿಗೆ ದಿನಕ್ಕೆ 8 ಗಂಟೆ, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿರಾಮ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಬರೆದಿಟ್ಟದ್ದು ಸುಮ್ಮನೆ ಅಲ್ಲ.

ವೈದ್ಯರ ವಿಷಯದಲ್ಲಿ ಪುರಾವೆ ಇನ್ನೂ ಖಚಿತ. ಅಮೆರಿಕದ ತೀವ್ರ ನಿಗಾ ಘಟಕಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಳೆಯ ಪದ್ಧತಿಯ ದೀರ್ಘ ಪಾಳಿ ಮಾಡಿದ ಕಿರಿಯ ವೈದ್ಯರು, ಗಿಡ್ಡ ಪಾಳಿಯವರಿಗಿಂತ ಶೇ 36ರಷ್ಟು ಹೆಚ್ಚು ಗಂಭೀರ ತಪ್ಪುಗಳನ್ನು ಮಾಡಿದ್ದರು. ನಮ್ಮಲ್ಲಿ ವೈದ್ಯಕೀಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ನೇಮಿಸಿದ್ದ ಕಾರ್ಯಪಡೆ 2024ರಲ್ಲಿ ವರದಿ ಕೊಟ್ಟು, ವಾರಕ್ಕೆ 74 ಗಂಟೆ ಮೀರದ ಕೆಲಸ, ವಾರಕ್ಕೊಂದು ರಜೆ, ದಿನಕ್ಕೆ 7-8 ಗಂಟೆ ನಿದ್ದೆ ಇರಲಿ ಎಂದಿತು. ಎಪ್ಪತ್ನಾಲ್ಕು ಗಂಟೆ! ಅದನ್ನು ಕಡಿತ ಎಂದು ಸ್ವಾಗತಿಸಬೇಕಾದ ಸ್ಥಿತಿ ನನಗೆ ದುಃಖ ತರುತ್ತದೆ. ಇನ್ಫೊಸಿಸ್‌ನ ಎನ್.ಆರ್. ನಾರಾಯಣ ಮೂರ್ತಿಯವರು 2023ರಲ್ಲಿ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ ದೇಶದ ತುಂಬ ಚರ್ಚೆ ಎದ್ದಿತು. ಆ ಚರ್ಚೆಯಲ್ಲಿ ಎಲ್ಲರ ಮುಂದೆ ಇರಬೇಕಿದ್ದ ಅಂಕಿ ಎರಡು ವರ್ಷ ಹಿಂದೆಯೇ ಬಂದಿತ್ತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳ ಲೆಕ್ಕದಂತೆ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35-40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ಹೀಗೆ ಅತಿದುಡಿಮೆಯಿಂದ ಪಾರ್ಶ್ವವಾಯು ಮತ್ತು ಹೃದ್ರೋಗಕ್ಕೆ ಬಲಿಯಾದವರು ಜಗತ್ತಿನಲ್ಲಿ 7 ಲಕ್ಷ 45 ಸಾವಿರ.

ಇಷ್ಟು ಗೊತ್ತಿದ್ದೂ ಜನ ಯಾಕೆ ಬಿಡುವು ಮಾಡಿಕೊಳ್ಳುವುದಿಲ್ಲ? ಸೋಮಾರಿಗಳೆನಿಸಿಕೊಳ್ಳುವ ಭಯ ಇದೆ, ಹಣದ ಅಗತ್ಯ ಇದೆ. ಆದರೆ ಜರ್ಮನಿಯ ಮನೋವಿಜ್ಞಾನಿ ಸಬೀನ್ ಸೊನ್ನೆಂಟಾಗ್ ದಶಕಗಳ ಅಧ್ಯಯನದಿಂದ ಇದಕ್ಕಿಂತ ಆಳದ ಕಾರಣವೊಂದನ್ನು ತೋರಿಸಿದ್ದಾರೆ. ಕೆಲಸದ ಒತ್ತಡ ಹೆಚ್ಚಿದ ದಿನವೇ ಮನುಷ್ಯ ಸಂಜೆ ಕೆಲಸವನ್ನು ಮನಸ್ಸಿನಿಂದ ಇಳಿಸಲಾರ, ವ್ಯಾಯಾಮಕ್ಕೆ ಹೋಗಲಾರ, ಹೊತ್ತಿಗೆ ಸರಿಯಾಗಿ ಮಲಗಲಾರ. ಚೇತರಿಕೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕಷ್ಟ. ಇದನ್ನು ಆಕೆ ಚೇತರಿಕೆಯ ವಿರೋಧಾಭಾಸ ಎನ್ನುತ್ತಾರೆ. ಅತಿಯಾಗಿ ದಣಿದವನಿಗೆ ‘ನೀನೇ ಯೋಜನೆ ಹಾಕಿ ವಿಶ್ರಾಂತಿ ಪಡೆ’ ಎನ್ನುವುದು, ಯೋಜನೆ ಹಾಕುವ ಅದೇ ದಣಿದ ಮಿದುಳಿಗೆ ಇನ್ನೊಂದು ಕೆಲಸ ಹೊರಿಸಿದಂತೆ. ತಾರೀಕು ಹೊರಗಿನಿಂದ ಬರಬೇಕು ಎಂಬ ನನ್ನ ಮಾತಿಗೆ ಇದೇ ಮುಖ್ಯ ಆಧಾರ.

ಇನ್ನೊಂದು ಆಧಾರ ಸ್ವೀಡನ್ನಿನದು. ಟೆರ್ರಿ ಹಾರ್ಟಿಗ್ ಮತ್ತು ಸಂಗಡಿಗರು 1993ರಿಂದ 2005ರವರೆಗೆ ಆ ದೇಶದಲ್ಲಿ ತಿಂಗಳು ತಿಂಗಳು ಮಾರಾಟವಾದ ಖಿನ್ನತೆಯ ಔಷಧಿಗಳ ಲೆಕ್ಕವನ್ನೂ, ಆಯಾ ತಿಂಗಳು ರಜೆಯಲ್ಲಿದ್ದವರ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟರು. ಹೆಚ್ಚು ಜನ ಒಟ್ಟಿಗೆ ರಜೆಯಲ್ಲಿದ್ದಾಗ ಔಷಧಿಯ ಬಳಕೆ ಇಳಿಯುತ್ತಿತ್ತು. ಅಚ್ಚರಿಯೆಂದರೆ, ರಜೆಯ ಪ್ರಶ್ನೆಯೇ ಇಲ್ಲದ ನಿವೃತ್ತರಲ್ಲೂ ಇಳಿಯುತ್ತಿತ್ತು. ಮಕ್ಕಳಿಗೆ ರಜೆ ಸಿಕ್ಕಾಗ ಅಜ್ಜ-ಅಜ್ಜಿಗೂ ಜೊತೆ ಸಿಗುತ್ತದಲ್ಲ! ಅಮೆರಿಕದಲ್ಲಿ ಕ್ರಿಸ್ಟೊಬಲ್ ಯಂಗ್ ಮತ್ತು ಚೆಯೂನ್ ಲಿಮ್ 2014ರಲ್ಲಿ ಇದನ್ನೇ ಇನ್ನೊಂದು ಕಡೆಯಿಂದ ಕಂಡರು. ಕೆಲಸವಿಲ್ಲದವರಿಗೆ ಏಳು ದಿನವೂ ಬಿಡುವೇ. ಆದರೂ ಅವರ ಮನಸ್ಸು ಗೆಲುವಾಗುತ್ತಿದ್ದದ್ದು, ದುಡಿಯುವವರಂತೆಯೇ, ಶನಿವಾರ-ಭಾನುವಾರ. ಬಿಡುವಿನ ಬೆಲೆ ಉಳಿದವರಿಗೂ ಅದೇ ಹೊತ್ತಿಗೆ ಬಿಡುವಿದೆಯೇ ಎಂಬುದರ ಮೇಲೆ ನಿಂತಿದೆ.

ಸೋವಿಯತ್ ಒಕ್ಕೂಟ 1929ರಲ್ಲಿ ಭಾನುವಾರವನ್ನೇ ರದ್ದು ಮಾಡಿತ್ತು. ಕಾರ್ಖಾನೆ ಒಂದು ದಿನವೂ ನಿಲ್ಲಬಾರದೆಂದು ಕಾರ್ಮಿಕರನ್ನು ಬಣ್ಣಗಳ ಗುಂಪು ಮಾಡಿ, ಐದು ದಿನಕ್ಕೊಮ್ಮೆ ಒಂದೊಂದು ಗುಂಪಿಗೆ ಸರದಿಯಂತೆ ರಜೆ. ಲೆಕ್ಕಕ್ಕೆ ರಜೆಗಳು ಹೆಚ್ಚೇ ಆದವು. ಆದರೆ ಗಂಡನ ಬಣ್ಣ ಒಂದು, ಹೆಂಡತಿಯದೊಂದು. ಗೆಳೆಯರು ಸೇರುವ ದಿನವೇ ಇಲ್ಲ. ಜನ ಒಪ್ಪಲಿಲ್ಲ, ಯಂತ್ರಗಳೂ ಕೆಟ್ಟವು. ಪದ್ಧತಿ ಬದಲಾಗುತ್ತ ಬಂದು 1940ರಲ್ಲಿ ಏಳು ದಿನದ ವಾರವೂ ಭಾನುವಾರವೂ ಮರಳಿದವು. ಇಂದು ಉಡುಪಿ-ಮಣಿಪಾಲದ ಎಷ್ಟೋ ಮನೆಗಳಲ್ಲಿ ತಂದೆಗೆ ಮಂಗಳವಾರ ವಾರದ ರಜೆ, ತಾಯಿಗೆ ಪಾಳಿ ಪಟ್ಟಿ ತೋರಿಸಿದ ದಿನ, ಮಕ್ಕಳಿಗೆ ಭಾನುವಾರ. ಪಾಳಿ ಪಟ್ಟಿ ಬರೆಯುವವರು, ಒಂದೇ ಮನೆಯವರಿಗೆ ತಿಂಗಳಲ್ಲಿ ಎರಡು ಸಲವಾದರೂ ಒಂದೇ ದಿನ ರಜೆ ಬೀಳುವಂತೆ ನೋಡಿಕೊಂಡರೆ ಅದಕ್ಕೆ ಖರ್ಚೇನೂ ಇಲ್ಲ.

ಎಲ್ಲರೂ ಒಟ್ಟಿಗೆ ಕೈ ಕಟ್ಟುವುದು ತುಳುನಾಡಿಗೆ ಹೊಸದಲ್ಲ. ಫೆಬ್ರವರಿಯ ಎರಡನೆಯ ವಾರ, ಮಕರ ಮಾಸದ ಕೊನೆಗೆ ಬರುವ ಕೆಡ್ಡಸದ 3 ದಿನ ಭೂಮಿತಾಯಿ ಮುಟ್ಟಾಗುತ್ತಾಳೆ ಎಂಬ ನಂಬಿಕೆ. ನೇಗಿಲು ಊರುವಂತಿಲ್ಲ, ಹಾರೆ-ಗುದ್ದಲಿ ನೆಲಕ್ಕೆ ತಾಗಿಸುವಂತಿಲ್ಲ, ಹಸಿ ಗಿಡ ಕಡಿಯುವಂತಿಲ್ಲ. ಕೆಡ್ಡಸ ಬಂತೆಂದು ಮನೆಮನೆಗೆ ಬಂದು ಸಾರಿ ಹೋಗುವ ಪದ್ಧತಿಯಿತ್ತು. ಹುರುಳಿ, ಅಕ್ಕಿ ಮೊದಲಾದ ಧಾನ್ಯ ಹುರಿದು, ಪುಡಿ ಮಾಡಿ, ಬೆಲ್ಲ-ತೆಂಗಿನಕಾಯಿ ಬೆರೆಸಿ ತಿನ್ನುತ್ತಾರೆ. ಕೊನೆಗೆ ಅಂಗಳದಲ್ಲಿ ಎಣ್ಣೆ, ಸೀಗೆ, ಅರಸಿನ, ಕುಂಕುಮ, ಬಾಚಣಿಗೆ, ಕನ್ನಡಿ ಇಟ್ಟು ಭೂಮಿಗೆ ಎಣ್ಣೆ ಬಿಡುತ್ತಾರೆ. ಇದು ಮಣ್ಣಿನ ಫಲವತ್ತತೆಯನ್ನು ಹೆಚ್ಚಿಸುತ್ತದೆ ಎಂದೆಲ್ಲ ವಿಜ್ಞಾನದ ಹೆಸರಿನಲ್ಲಿ ಹೇಳುವವರಿದ್ದಾರೆ. 3 ದಿನದಲ್ಲಿ ಹಾಗೇನೂ ಆಗದು. ಕೆಡ್ಡಸದಿಂದ ಚೇತರಿಸಿಕೊಂಡದ್ದು ನೆಲ ಉಳುವವನೂ ಅವನ ಕೋಣಗಳೂ. ಯಜಮಾನನೂ ಆಳೂ ಒಟ್ಟಿಗೆ ಕೈ ಬಿಡಬೇಕಾದ ನಿಷೇಧ ಅದು. ಆಳು ಬೇಡ ಎಂದರೆ ಬೈಗುಳ, ಭೂಮಿ ಬೇಡ ಎಂದರೆ ಯಾರೂ ಮಾತಾಡುವಂತಿಲ್ಲ.

ಆಟಿ ತಿಂಗಳನ್ನೂ ಹೀಗೆಯೇ ನೋಡಬಹುದು, ಆದರೆ ಎಚ್ಚರದಿಂದ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಏಣೆಲು ಬೆಳೆಯ ನಾಟಿ ಮುಗಿದು ಮಳೆ ಹೊಯ್ಯುತ್ತಿರುವಾಗ ಗದ್ದೆಯಲ್ಲಿ ಕೆಲಸವಿಲ್ಲ. ಆಟಕ್ಕೆಂದು ಚೆನ್ನೆಮಣೆ ಹೊರಬರುತ್ತಿತ್ತು, ಹೊಸತಾಗಿ ಮದುವೆಯಾದ ಹೆಣ್ಣು ಆಟಿ ಕೂರಲು ತವರಿಗೆ ಬರುತ್ತಿದ್ದಳು. ಈಗ ಸಭಾಂಗಣಗಳಲ್ಲಿ ಕೆಸುವಿನ ಎಲೆಯ ಪತ್ರೊಡೆ, ತಜಂಕಿನ ಸೊಪ್ಪಿನ ಪಲ್ಯ ಬಡಿಸಿ ಆಟಿಯ ಸಂಭ್ರಮ ಆಚರಿಸುತ್ತೇವೆ. ಆದರೆ ಕೆಸುವನ್ನೂ ತಜಂಕನ್ನೂ ಜನ ಹುಡುಕಿ ತಂದದ್ದು ಅಕ್ಕಿಮುಡಿ ಬರಿದಾಗಿದ್ದಕ್ಕೆ. ಹಸಿದ ಹೊಟ್ಟೆಯ ಬಿಡುವು ಬಿಡುವಲ್ಲ. ಅಮೆರಿಕದ ಬ್ರೂಸ್ ಮೆಕ್ಯೂವೆನ್ 1993ರಲ್ಲಿ ವಿವರಿಸಿದಂತೆ, ಒತ್ತಡದ ಹಾರ್ಮೋನುಗಳು ಅಪಾಯದ ಹೊತ್ತಿಗೆ ಏರಿ ಆಮೇಲೆ ಇಳಿದರೆ ರಕ್ಷಣೆ. ಇಳಿಯದೇ ಉಳಿದರೆ ರಕ್ತನಾಳ, ಸಕ್ಕರೆಯ ಹತೋಟಿ, ರೋಗನಿರೋಧಕ ಶಕ್ತಿ ಎಲ್ಲವನ್ನೂ ಸವೆಸುತ್ತವೆ. ನಾಳೆಯ ಊಟದ ಚಿಂತೆ ಅವನ್ನು ಇಳಿಯಲು ಬಿಡುವುದಿಲ್ಲ.

ಮತ್ತೆ, ಕೆಡ್ಡಸದ ದಿನವೂ ಒಲೆ ಉರಿಯಲೇಬೇಕಿತ್ತು. ಭೂಮಿಗೆ ರಜೆ ಕೊಟ್ಟ ಮನೆಯಲ್ಲಿ ಹುರಿದದ್ದು, ಕುಟ್ಟಿದ್ದು, ಬೇಯಿಸಿದ್ದು ಹೆಂಗಸರೇ. ಲೆಕ್ಕ ಇಂದಿಗೂ ದೊಡ್ಡದಾಗಿ ಬದಲಾಗಿಲ್ಲ. ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 2019ರಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವ ಹೆಂಗಸು ದಿನಕ್ಕೆ 299 ನಿಮಿಷ, ಮಾಡುವ ಗಂಡಸು 97 ನಿಮಿಷ ಕೊಡುತ್ತಿದ್ದರು. 2024ರ ಸಮೀಕ್ಷೆಯಲ್ಲಿ ಅವು 289 ಮತ್ತು 88. ಹೆಂಗಸರ ಪಾಲು ಹತ್ತು ನಿಮಿಷ ತಗ್ಗಿದ್ದು ನಿಜ, ಗಂಡಸರದು ಒಂಬತ್ತು ನಿಮಿಷ ತಗ್ಗಿದೆ.

ಕಾರ್ಕಳದ ಹಳ್ಳಿಗಳಲ್ಲಿ ಮಧ್ಯಾಹ್ನ ಜಗಲಿಯ ಮೇಲೆ ಕಾಲು ಚಾಚಿ, ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರನ್ನು ಕಾಣದವರಿಲ್ಲ. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಚಿಟಿಕೆ ಹೊಗೆಸೊಪ್ಪು ಹಾಕಿ, ಸುತ್ತಿ, ತುದಿ ಮಡಚಿ, ನೂಲು ಬಿಗಿಯುವುದು ಕ್ಷಣಗಳ ಕೆಲಸ. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಅಡುಗೆ, ಹಟ್ಟಿ, ಮಕ್ಕಳ ಕೆಲಸ ಮುಗಿದ ಮೇಲೆ ಉಳಿದ ಹೊತ್ತೆಲ್ಲ ಗೆರಸೆಗೆ ಹೋಗುತ್ತದೆ. ಕತ್ತು, ಬೆನ್ನು, ಬೆರಳ ಗಂಟು ನೋಯದ ದಿನವಿಲ್ಲ. ಅರ್ಧ ಗಂಟೆ ಒರಗಿದರೆ ಅಷ್ಟು ಬೀಡಿ ಕಡಿಮೆಯಾಯಿತು ಎಂಬುದು ಅವರ ಲೆಕ್ಕ.

ಈ ಲೆಕ್ಕವನ್ನು ಪರೀಕ್ಷಿಸಿದ ಪ್ರಯೋಗವೊಂದು ಚೆನ್ನೈನಲ್ಲಿ ನಡೆದು 2021ರಲ್ಲಿ ಪ್ರಕಟವಾಯಿತು. ಕಂಪ್ಯೂಟರಿಗೆ ಮಾಹಿತಿ ತುಂಬುವ ಕೆಲಸಕ್ಕೆ ಸೇರಿದ 452 ಜನರ ಕೈಗೆ ನಿದ್ದೆ ಅಳೆಯುವ ಪಟ್ಟಿ ಕಟ್ಟಿ ನೋಡಿದಾಗ, ರಾತ್ರಿ 8 ಗಂಟೆ ಹಾಸಿಗೆಯಲ್ಲಿದ್ದರೂ ಅವರಿಗೆ ಸಿಗುತ್ತಿದ್ದ ನಿದ್ದೆ ಐದೂವರೆ ಗಂಟೆ ಮಾತ್ರ. ಸೆಕೆ, ಸೊಳ್ಳೆ, ಗದ್ದಲಗಳ ನಡುವೆ ಒಂದು ರಾತ್ರಿಗೆ 32 ಸಲ ಎಚ್ಚರ. ಕೆಲವರಿಗೆ ಒಳ್ಳೆಯ ಹಾಸಿಗೆ, ಫ್ಯಾನು, ಕಣ್ಣುಪಟ್ಟಿ ಕೊಟ್ಟರು. ರಾತ್ರಿ ನಿದ್ದೆ 27 ನಿಮಿಷ ಹೆಚ್ಚಿತು. ಕೆಲಸದ ಮೇಲಾಗಲೀ ಮನಸ್ಸಿನ ಮೇಲಾಗಲೀ ಪರಿಣಾಮ ಕಾಣಲಿಲ್ಲ. ಅದೇ ತುಂಡು ನಿದ್ದೆ ಇನ್ನಷ್ಟು ಉದ್ದವಾಗಿತ್ತು ಅಷ್ಟೆ ಎಂಬುದು ನನ್ನ ಊಹೆ. ಇನ್ನು ಕೆಲವರಿಗೆ ಕಚೇರಿಯಲ್ಲೇ, ನಿಶ್ಶಬ್ದ ಜಾಗದಲ್ಲಿ, ಮಧ್ಯಾಹ್ನ ಅರ್ಧ ಗಂಟೆ ಮಲಗಲು ಬಿಟ್ಟರು. ಅವರ ಗಮನ, ಮನಸ್ಸಿನ ನೆಮ್ಮದಿ, ಗಂಟೆಗೆ ಆಗುವ ಕೆಲಸ ಎಲ್ಲವೂ ಮೇಲೇರಿದವು. ಮಲಗಿದ ಅರ್ಧ ಗಂಟೆ ಕೆಲಸದ ಹೊತ್ತಿನಿಂದ ಕಳೆಯುವುದು ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಮಧ್ಯಾಹ್ನ ಒಂದರಿಂದ ಮೂರರ ನಡುವೆ ಚುರುಕು ತಗ್ಗುವುದು ಕುಚ್ಚಲಕ್ಕಿ ಊಟದ ದೋಷವಲ್ಲ; ಊಟ ಬಿಟ್ಟವರಲ್ಲೂ ತಗ್ಗುತ್ತದೆ, ಅದು ದೇಹದ ಗಡಿಯಾರದಲ್ಲೇ ಇದೆ. ಇಪ್ಪತ್ತರಿಂದ ಮೂವತ್ತು ನಿಮಿಷ ಸಾಕು. ಅದಕ್ಕಿಂತ ಹೆಚ್ಚಾದರೆ ಗಾಢನಿದ್ದೆಗೆ ಜಾರಿ, ಎದ್ದಾಗ ತಲೆ ಭಾರ.

2025ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ದುಡಿಯುವ ಹೆಂಗಸರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆಯ ನೀತಿಗೆ ಒಪ್ಪಿಗೆ ಕೊಟ್ಟಿತು. ಭೂಮಿಗೆ ಎಂದೋ ಕೊಟ್ಟಿದ್ದನ್ನು ಹೆಣ್ಣಿಗೆ ಕೊಡಲು ಇಷ್ಟು ತಡವಾಯಿತು. ಮುಟ್ಟಿನ ಮೊದಲ ದಿನಗಳಲ್ಲಿ ಗರ್ಭಕೋಶದ ಒಳಪದರದಿಂದ ಹೊರಬರುವ ಪ್ರೋಸ್ಟಗ್ಲಾಂಡಿನ್‌ಗಳು ಸ್ನಾಯುಗಳನ್ನು ಹಿಂಡುತ್ತವೆ, ಆ ನೋವಿಗೆ ಕಾರಣ ಸ್ಪಷ್ಟವಾಗಿಯೇ ಗೊತ್ತಿದೆ. ಕಚೇರಿಯಲ್ಲಿರುವವಳಿಗೆ ಸಿಕ್ಕ ಈ ದಿನ, ಕೂಲಿಯ ಸಮೇತ, ಜಗಲಿಯಲ್ಲಿ ಬೀಡಿ ಕಟ್ಟುವವಳಿಗೂ ಮಲ್ಪೆಯಿಂದ ಮೀನು ಹೊತ್ತು ತಂದು ಮಾರುವವಳಿಗೂ ತಲುಪುವ ದಾರಿ ಹುಡುಕಬೇಕು. ಅಲ್ಲಿಯವರೆಗೆ ಕೆಲಸ ಅರ್ಧವೇ ಆಗಿದೆ.

ಕಾರ್ಕಳದ ಮಾತು ಬಂದಾಗ ಜೈನರ ಒಂದು ಕ್ರಮವನ್ನು ಹೇಳಲೇಬೇಕು. 1432ರ ಗೊಮ್ಮಟನೂ 1586ರ ಚತುರ್ಮುಖ ಬಸದಿಯೂ ಇರುವ ಈ ಊರಿನಲ್ಲಿ, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಮನೆಗಳಿವೆ. ಅವರಿಗದು ಅಹಿಂಸೆಯ ನಿಯಮ. ದೇಹಶಾಸ್ತ್ರದ ಕಣ್ಣಿನಲ್ಲಿ ಜೀರ್ಣಾಂಗಗಳಿಗೆ ದಿನವೂ ಹೊತ್ತು ಗೊತ್ತಿರುವ ಬಿಡುವು. ಯಕೃತ್ತಿಗೂ ಮೇದೋಜೀರಕ ಗ್ರಂಥಿಗೂ ಅವುಗಳದೇ ಗಡಿಯಾರಗಳಿವೆ. ಅವುಗಳಿಗೆ ಹೊತ್ತು ತಿಳಿಸುವುದು ಊಟ. ಒಂದೇ ಊಟಕ್ಕೆ ಬೆಳಿಗ್ಗೆಗಿಂತ ರಾತ್ರಿ ರಕ್ತದ ಸಕ್ಕರೆ ಹೆಚ್ಚು ಏರುತ್ತದೆ. ಭಾರತದಲ್ಲೇ ಹುಟ್ಟಿ ಬೆಳೆದು ಅಮೆರಿಕದ ಸಾಕ್ ಸಂಸ್ಥೆಯಲ್ಲಿರುವ ಸಚ್ಚಿದಾನಂದ ಪಂಡಾ ಅವರ ತಂಡ 2012ರಲ್ಲಿ, ಅಷ್ಟೇ ಕ್ಯಾಲೊರಿಯ ಕೊಬ್ಬಿನ ಆಹಾರವನ್ನು 8 ಗಂಟೆಗಳೊಳಗೆ ತಿಂದ ಇಲಿಗಳು ಬೊಜ್ಜಿನಿಂದ ಪಾರಾದುದನ್ನು ತೋರಿಸಿತು. ಮನುಷ್ಯರಲ್ಲಿ ಫಲ ಅಷ್ಟು ದೊಡ್ಡದಾಗಿ ಕಂಡಿಲ್ಲ. ಒಟ್ಟು ಕ್ಯಾಲೊರಿ ಸಮವಾಗಿದ್ದರೆ ತೂಕ ಇಳಿಯುವುದರಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಆದರೆ ರಾತ್ರಿ 11ಕ್ಕೆ ಬಿರಿಯಾನಿ ತರಿಸಿ ತಿಂದು ಮಲಗುವವರಿಗೆ ನಿದ್ದೆಯೂ ಕೆಡುತ್ತದೆ ಎಂಬುದಕ್ಕೆ ಪ್ರಯೋಗಾಲಯ ಬೇಕಿಲ್ಲ.

ಹೊಟ್ಟೆಯಂತೆ ಗಮನಕ್ಕೂ ಬಿಡುವು ಬೇಕು. ಕಾಪುವಿಗೆ ಜನ ಹೋಗುವುದು ಸಂಜೆ, 1901ರ ದೀಪಸ್ತಂಭ ನಿಂತಿರುವ ಬಂಡೆಯ ಮೇಲೆ ಕೂರಲು. ಸ್ಟೀಫನ್ ಮತ್ತು ರೇಚೆಲ್ ಕ್ಯಾಪ್ಲಾನ್ ದಂಪತಿ 1989ರಲ್ಲಿ ಮಂಡಿಸಿದ ಸಿದ್ಧಾಂತದಂತೆ, ಅಲೆ, ಮೋಡ, ಎಲೆಗಳಂಥವು ಗಮನವನ್ನು ಸೆಳೆಯುತ್ತವೆ, ಆದರೆ ಹಿಡಿದಿಡಲು ಶ್ರಮ ಬೇಡುವುದಿಲ್ಲ. ದಿನವಿಡೀ ಬಲವಂತದಿಂದ ಹಿಡಿದಿಟ್ಟ ಗಮನ ಆಗ ತನ್ನಷ್ಟಕ್ಕೆ ಚೇತರಿಸುತ್ತದೆ. ಮೊಬೈಲೂ ಗಮನ ಸೆಳೆಯುತ್ತದೆ, ಆದರೆ ಕ್ಷಣಕ್ಷಣಕ್ಕೆ ಉತ್ತರ ಬೇಡುತ್ತದೆ. ಕಚೇರಿಯ ವಾಟ್ಸ್ಆ್ಯಪ್ ಗುಂಪು ತೆರೆದುಕೊಂಡು ಬಂಡೆಯ ಮೇಲೆ ಕೂತವನು ಇನ್ನೂ ಕಚೇರಿಯಲ್ಲೇ ಇದ್ದಾನೆ.

ಕೊನೆಗೆ ಒಂದು ಸಣ್ಣ ವಸ್ತುವಿನ ವಿಷಯ: ಸ್ಟೂಲು. ಜವಳಿ ಅಂಗಡಿಗಳಲ್ಲಿ ಸೀರೆ ಬಿಡಿಸಿ ತೋರಿಸುವ ಹುಡುಗಿಯರು ದಿನವಿಡೀ ನಿಂತಿರುವುದು ಎಲ್ಲ ಊರುಗಳಲ್ಲೂ ಕಾಣುವ ನೋಟ. ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವುದು ಮೀನಖಂಡದ ಸ್ನಾಯುಗಳು, ಅವು ನಡೆದಾಗ ಕೆಲಸ ಮಾಡುತ್ತವೆ. ಅಲುಗಾಡದೆ ನಿಂತರೆ ರಕ್ತ ಕೆಳಗೇ ಉಳಿದು ಪಾದ ಊದುತ್ತದೆ, ವರ್ಷಗಳಲ್ಲಿ ರಕ್ತನಾಳಗಳು ಉಬ್ಬಿ ಹೆಣೆದುಕೊಳ್ಳುತ್ತವೆ. ಕೇರಳದಲ್ಲಿ ಅಂಗಡಿಯ ಹೆಂಗಸರು ಸಂಘಟಿತರಾಗಿ ಹೋರಾಡಿದ ಮೇಲೆ 2018ರಲ್ಲಿ ಕೂರಲು ಆಸನ ಕೊಡುವುದು ಕಡ್ಡಾಯವಾಯಿತು. 2021ರಲ್ಲಿ ತಮಿಳುನಾಡೂ ಅಂಥ ಕಾನೂನು ತಂದಿತು. ತಲಪಾಡಿ ದಾಟಿ ಕಾಸರಗೋಡಿನ ಅಂಗಡಿಗೆ ಹೋದರೆ ಕೆಲಸದವಳು ಕೂರುವುದು ಅವಳ ಹಕ್ಕು. ಉಡುಪಿಯಲ್ಲಿ ಮದುವೆ ಸೀರೆ ಕೊಳ್ಳಲು ಎರಡು ಗಂಟೆ ಹಾಸಿನ ಮೇಲೆ ಕೂತು ಆರಿಸುವ ನಾವು, ಎದುರು ನಿಂತವಳಿಗೆ ಸ್ಟೂಲು ಎಲ್ಲಿ ಎಂದು ಅಂಗಡಿಯ ಧಣಿಗಳನ್ನು ಕೇಳಬಹುದು.